ಬಾಯಲ್ಲಿರುವ ಹೆಸರು, ಬೋರ್ಡಿನ ಮೇಲಿನ ಹೆಸರು

ಎಲ್ಲರಿಗೂ ಶರಣು ಶರಣಾರ್ಥಿ.

ನನ್ನ ಹಿಂದಿರುವ ಬ್ಯಾನರ್ ನೋಡಿದಿರಾ? 'ಪಾರಂಪರಿಕ ಮಾರುಕಟ್ಟೆ ಕಟ್ಟಡಗಳ ಬ್ರ್ಯಾಂಡ್ ಗುರುತು' ಅಂತ ಬರೆದಿದ್ದಾರೆ. ಒಳಗೆ ಬರುವಾಗ ಗೇಟಿನ ಹತ್ತಿರ ನಿಂತಿದ್ದವರೊಬ್ಬರು ಅದನ್ನು ಓದಿ, "ಅಂದ್ರ ಏನ್ರಿ, ಬಜಾರಕ್ಕ ಹೆಸರಿಡೋದಾ?" ಅಂತ ಕೇಳಿದರು. ಹೌದ್ರಿ ಅಂದುಬಿಟ್ಟೆ. ಅದು ತಪ್ಪು ಉತ್ತರ. ಹಳೆಯ ಬಜಾರಕ್ಕೆ ಹೆಸರು ಇದ್ದೇ ಇರುತ್ತದೆ. ಅದನ್ನು ಕಿವಿಗೊಟ್ಟು ಕೇಳಿ, ನೆಟ್ಟಗೆ ಬರೆಯುವುದಷ್ಟೇ ನನ್ನಂಥ ಡಿಸೈನರ್ ಕೆಲಸ.

ನಮ್ಮ ಊರನ್ನೇ ತಗೊಳ್ಳಿ. 2014ರ ನವೆಂಬರ್ 1ರಂದು ಬೋರ್ಡುಗಳಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ ಬಂತು. ಆದರೆ ಕನ್ನಡ ಮಾತಾಡುವ ಮನೆಗಳಲ್ಲಿ ಇದು ಮೊದಲಿಂದಲೂ ಕಲಬುರ್ಗಿಯೇ ಅಲ್ವಾ? ಅಂದರೆ ಜನ ಹೆಸರು ಬದಲಿಸಲಿಲ್ಲ. ಬೋರ್ಡು ಜನರ ಬಾಯನ್ನು ಹಿಂದಿನಿಂದ ಬಂದು ಕೂಡಿಕೊಂಡಿತು. ಇನ್ನು ಉರ್ದು ಮಾತಾಡುವ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಗುಲ್ಬರ್ಗಾ ಅಂತಲೇ ಇದೆ. ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ, ಮಾಡಬೇಕಾಗಿಯೂ ಇಲ್ಲ.

ಇದಕ್ಕೆ ತಿರುವುಮುರುವಾದದ್ದು ಮುಂಬೈನಲ್ಲಿದೆ. 1869ರಲ್ಲಿ ಕಟ್ಟಿ ಮುಗಿಸಿದ ಮಾರುಕಟ್ಟೆಗೆ ಅಲ್ಲಿನ ಮುನಿಸಿಪಲ್ ಕಮಿಷನರ್ ಆಗಿದ್ದ ಕ್ರಾಫರ್ಡ್ ಅವರ ಹೆಸರಿಟ್ಟರು. ಆಮೇಲೆ ಅದು ಅಧಿಕೃತವಾಗಿ ಮಹಾತ್ಮ ಜ್ಯೋತಿಬಾ ಫುಲೆ ಮಂಡಈ ಆಯಿತು. ಟ್ಯಾಕ್ಸಿಯವರಿಗೆ ಕ್ರಾಫರ್ಡ್ ಮಾರ್ಕೆಟ್ ಅಂದರೆ ಮಾತ್ರ ಗಾಡಿ ತಿರುಗುತ್ತದೆ. ಫುಲೆಯವರ ಮೇಲೆ ಗೌರವ ಕಡಿಮೆ ಅಂತಲ್ಲ. ತರಕಾರಿ ಚೀಲ ಹಿಡಿದವರ ನಾಲಿಗೆಗೆ ಒಮ್ಮೆ ಅಂಟಿದ ಹೆಸರು ಸುಲಭಕ್ಕೆ ಬಿಡಲ್ಲ, ಅಷ್ಟೇ.

ಹೈದರಾಬಾದಿನ ಮೊಅಜ್ಜಮ್ ಜಾಹಿ ಮಾರ್ಕೆಟ್ ನಮಗೆ ಇನ್ನೂ ಹತ್ತಿರದ್ದು. 1956ರವರೆಗೆ ನಮಗೂ ಹೈದರಾಬಾದೇ ರಾಜಧಾನಿ. 1935ರಲ್ಲಿ ಕಡೆಯ ನಿಜಾಮರ ಕಾಲದಲ್ಲಿ ಕಟ್ಟಿದ್ದು, ಅವರ ಮಗನ ಹೆಸರಿಟ್ಟಿದ್ದು. ಗ್ರಾನೈಟ್ ಕಲ್ಲಿನ ಕಟ್ಟಡ, ಮೇಲೆ ಗಡಿಯಾರದ ಗೋಪುರ. ಹಾಳಾಗಿ ನಿಂತಿದ್ದನ್ನು ರಿಪೇರಿ ಮಾಡಿ 2020ರ ಆಗಸ್ಟ್‌ನಲ್ಲಿ ಮತ್ತೆ ತೆರೆದರು. ಹೊಸ ಹೆಸರಿನ ಗೊಡವೆಗೆ ಹೋಗಲಿಲ್ಲ. ಜನ ಮೊದಲಿನ ಹಾಗೆ ಎಂ.ಜೆ. ಮಾರ್ಕೆಟ್ ಅನ್ನುತ್ತಾರೆ, ಮೊದಲಿನ ಹಾಗೆ ಐಸ್‌ಕ್ರೀಮ್ ತಿನ್ನೋಕೆ ಹೋಗುತ್ತಾರೆ. ನನ್ನ ಕೇಳಿದರೆ ಆ ಮಾರ್ಕೆಟ್ಟಿನ ನಿಜವಾದ ಗುರುತು ಆ ಐಸ್‌ಕ್ರೀಮೇ.

ಈಗ ನನ್ನದೇ ಒಂದು ಫಜೀತಿ ಹೇಳುತ್ತೇನೆ. ಊರು ಯಾವುದು ಅಂತ ಹೇಳಲ್ಲ. ಒಂದು ಹಳೆಯ ಮಾರುಕಟ್ಟೆಯನ್ನು ಹೊಸದು ಮಾಡುತ್ತಿದ್ದರು, ಗುರುತು ಮಾಡಿಕೊಡಿ ಅಂತ ನನ್ನನ್ನು ಕರೆದರು. ನಾನು ಕಂಪ್ಯೂಟರ್ ಮುಂದೆ ಕೂತು ಒಂದು ಕಮಾನು ಬರೆದೆ. ಹಳೆಯ ಕಟ್ಟಡ ಅಂದ ಕೂಡಲೇ ನಾವು ಬರೆಯುವುದು ಕಮಾನೇ, ಇದೊಂದು ರೋಗ. ಕೆಳಗೆ ತೆಳುವಾದ ಇಂಗ್ಲಿಷ್ ಅಕ್ಷರ, ಅದರ ಕೆಳಗೆ ಕನ್ನಡ. ಮೀಟಿಂಗಿನಲ್ಲಿ ಚಪ್ಪಾಳೆ ಬಿತ್ತು. ಆರು ತಿಂಗಳು ಬಿಟ್ಟು ಹೋಗಿ ನೋಡಿದರೆ, ಕಾಯಿಪಲ್ಯೆ ಮಾರುವ ಒಬ್ಬ ಅವ್ವ ನನ್ನ ಬೋರ್ಡನ್ನು ಅಡ್ಡಕ್ಕೆ ಮಲಗಿಸಿ ಅದರ ಮೇಲೆ ಮೆಂತೆ ಕಟ್ಟು ಜೋಡಿಸಿದ್ದರು. "ಛಲೋ ಹಲಗಿ ಐತಿ ನೋಡಪ್ಪ, ನೀರು ಹತ್ತಂಗಿಲ್ಲ" ಅಂದರು. ಬೇಜಾರಾಯಿತು, ನಿಜ. ಆದರೆ ಆ ಹಲಗೆಯ ಮೇಲೆ ಅವರ ಹೆಸರಿರಲಿಲ್ಲ, ಕಟ್ಟೆಯ ನಂಬರ್ ಇರಲಿಲ್ಲ. ಅವರಿಗೆ ಅದು ಹಲಗೆಯಲ್ಲದೆ ಮತ್ತೇನು?

ಅವತ್ತಿಂದ ನಾನು ಪೆನ್ಸಿಲ್ ಹಿಡಿಯುವ ಮುಂಚೆ ಎರಡು ದಿನ ಸುಮ್ನೆ ಮಾರುಕಟ್ಟೆಯಲ್ಲಿ ನಿಲ್ಲುತ್ತೇನೆ. ಜನ ಫೋನಿನಲ್ಲಿ ದಾರಿ ಹೇಳುವುದನ್ನು ಬರೆದುಕೊಳ್ಳುತ್ತೇನೆ. "ಬಳಿ ಅಂಗಡಿ ಬಾಗಿಲಿನ್ಯಾಗ ನಿಂದರ್ರಿ." "ಹುಣಸಿಹಣ್ಣಿನ ಸಾಲು ದಾಟಿ ಬರ್ರಿ." ಯಾರೂ ಪೂರ್ವ ದ್ವಾರ, ಬ್ಲಾಕ್ ಸಿ ಅನ್ನಲ್ಲ. ಹಮಾಲರು ದಾರಿಯನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಾರೆ, ಯಾಕೆಂದರೆ ಬೆನ್ನ ಮೇಲೆ ಚೀಲ ಇದ್ದಾಗ ಸುತ್ತಿ ಬಳಸಿ ಹೋಗಲು ಆಗುವುದಿಲ್ಲ. ಅವರು ಹೇಳುವ ಸಾಲುಗಳೇ ನನಗೆ ಬೇಕಾದ ನಕ್ಷೆ.

ಕಮಾನು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಬ್ರಿಟಿಷರ ಕಾಲದ ಇಂಪೀರಿಯಲ್ ಗೆಜೆಟಿಯರ್ ನಮ್ಮ ಊರಿನ ಹಳೆಯ ದೊಡ್ಡ ಬಜಾರಿನ ಅಳತೆ ಕೊಡುತ್ತದೆ. 570 ಅಡಿ ಉದ್ದ, 60 ಅಡಿ ಅಗಲ, ಎರಡೂ ಬದಿಗೆ 61 ಕಮಾನು. ಇಂಥ ಸಾಲು ಸಿಕ್ಕರೆ ಒಂದು ಕಮಾನಿನ ಚಿತ್ರ ಬರೆದು ಯಾಕೆ ಕೈತೊಳೆದುಕೊಳ್ಳಬೇಕು? ಪ್ರತಿ ಕಮಾನಿಗೂ ನಂಬರ್ ಕೊಡಿ. "ಹದಿನಾಲ್ಕನೇ ಕಮಾನಿನ ಹತ್ರ ಬಾ" ಅಂತ ಜನ ಹೇಳಲು ಶುರು ಮಾಡಿದ ದಿನ ಆ ಕಮಾನು ಚಿತ್ರವಾಗಿ ಉಳಿಯಲ್ಲ, ವಿಳಾಸವಾಗುತ್ತದೆ.

ನಂಬರನ್ನು ಯಾತರ ಮೇಲೆ ಬರೆಯಬೇಕು? ದಯವಿಟ್ಟು ಫ್ಲೆಕ್ಸ್ ಬೇಡ. ನಮ್ಮ ಬಿಸಿಲು ಗೊತ್ತಲ್ಲ. ಎರಡು ಬೇಸಿಗೆಯಲ್ಲಿ ಕೆಂಪು, ಹಳದಿ ಇಂಕು ಹಾರಿಹೋಗಿ, ಟೊಮೇಟೊ, ಬಾಳೆಹಣ್ಣು, ನಾಯಕರ ಮುಖ ಎಲ್ಲಾ ತಿಳಿನೀಲಿ. ಪಕ್ಕದಲ್ಲೇ ಶಹಾಬಾದ್ ಇದೆ. ನಮ್ಮ ಮನೆಗಳ ನೆಲಕ್ಕೆಲ್ಲ ಹಾಸಿರುವ ಫರಸಿ ಅಲ್ಲಿಯದು. ಅದರ ಮೇಲೆ ಅಂಕಿ ಕೊರೆಸಿ ಬಣ್ಣ ತುಂಬಿ. ಬಣ್ಣ ಹೋದರೂ ಕೊರೆದದ್ದು ಇರುತ್ತದೆ, ಬೆರಳಾಡಿಸಿದರೂ ಗೊತ್ತಾಗುತ್ತದೆ.

ಅಕ್ಷರದ ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ, ವಿದ್ಯಾರ್ಥಿಗಳು ಬಂದಿದ್ದೀರಿ ಅಂತ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರ, ಇಟ್ಟಂಗಿ ಜೋಡಿಸಿದ ಹಾಗೆ. ಅದಕ್ಕೇ ನಮ್ಮ ಬೋರ್ಡುಗಳೆಲ್ಲ ಉದ್ದ ಪಟ್ಟಿ. ಆ ಪಟ್ಟಿಯಲ್ಲಿ ಕನ್ನಡ ಕೂರಿಸಿ ನೋಡಿ. 'ಬೆಲ್ಲ' ಬರೆದರೆ ಒತ್ತು ಕೆಳಗೆ ಇಳಿಯುತ್ತದೆ. ಜಾಗ ಸಾಲದೆ ಅಕ್ಷರ ಕುಗ್ಗಿಸುತ್ತಾರೆ, ಇಲ್ಲವೇ ಒತ್ತನ್ನೇ ಕತ್ತರಿಸುತ್ತಾರೆ. ಉರ್ದುವಿನ ನಸ್ತಾಲಿಕ್ ಬಲದಿಂದ ಎಡಕ್ಕೆ ಇಳಿಜಾರಾಗಿ ಬರುತ್ತದೆ, ಅದಕ್ಕೂ ಎತ್ತರ ಬೇಕು. ಅಂದರೆ ನಮ್ಮ ಬಜಾರಿನ ಎರಡು ಮುಖ್ಯ ಲಿಪಿಗಳಿಗೆ ಬೇಕಾದ ಬೋರ್ಡು ಒಂದೇ: ಎತ್ತರದ ಬೋರ್ಡು. ನಮ್ಮ ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ. 60 ಕನ್ನಡ ಇರಲೇಬೇಕು. ಹಾಗಾದರೆ ಅಳತೆಯನ್ನು ಕನ್ನಡದಿಂದಲೇ ಶುರು ಮಾಡಿ, ಉಳಿದದ್ದರಲ್ಲಿ ಉರ್ದು, ಇಂಗ್ಲಿಷ್ ಕೂರಿಸಿ. ಆಮೇಲೆ ಒಂದು ಸಣ್ಣ ಮಾತು: ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಪ್ರೆಸ್ಸಿಗೆ ಹಾಗೇ ಕಳಿಸಬೇಡಿ. ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಹುಳ ಹರಿದಾಡಿದ ಹಾಗೆ ಕಾಣುತ್ತದೆ. ಅದನ್ನೇ ಪ್ರಿಂಟ್ ಮಾಡಿ ನೇತುಹಾಕಿದವರೂ ಇದ್ದಾರೆ.

ವ್ಯಾಪಾರಿಗಳು ಕೇಳುವ ಪ್ರಶ್ನೆ ಬೇರೆ. ಈ ಹೆಸರನ್ನು ರಿಜಿಸ್ಟರ್ ಮಾಡಿಸಿ ನಮ್ಮದೇ ಮಾಡಿಕೊಳ್ಳಬಹುದಾ? ಊರಿನ ಹೆಸರು, ಸರಕಿನ ಹೆಸರು ಇಂಥವನ್ನು ಬರೀ ಪದವಾಗಿ ಒಬ್ಬರ ಪಾಲು ಮಾಡಲು 1999ರ ಟ್ರೇಡ್ ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಸುಲಭಕ್ಕೆ ಬಿಡುವುದಿಲ್ಲ. ಬೇರೆಯಾಗಿ ಎದ್ದು ಕಾಣುವ ಚಿತ್ರಕ್ಕೆ ಕೇಳಬಹುದು. ಎಲ್ಲರೂ ಸೇರಿ ಸಂಘ ಮಾಡಿಕೊಂಡರೆ ಸಂಘದ ಹೆಸರಲ್ಲಿ ಸಾಮೂಹಿಕ ಗುರುತಿಗೂ ಕೇಳಬಹುದು. ನಮ್ಮ ತೊಗರಿಗೆ 2019ರಲ್ಲಿ ಜಿಐ, ಅಂದರೆ ಇದು ಈ ಊರಿನದೇ ಅನ್ನುವ ಭೌಗೋಳಿಕ ಗುರುತು, ಸಿಕ್ಕಿತಲ್ಲ, ಅದು ಒಬ್ಬ ಸಾಹುಕಾರರದ್ದಲ್ಲ, ಈ ಮಣ್ಣಿನಲ್ಲಿ ಬೆಳೆಯುವವರದ್ದು. ಮಾರುಕಟ್ಟೆಯ ಹೆಸರನ್ನೂ ನಾನು ಹಾಗೇ ನೋಡುತ್ತೇನೆ.

ಒಂದು ಹೆದರಿಕೆಯನ್ನು ಮುಚ್ಚಿಡಬಾರದು. ಲಂಡನ್ನಿನ ಕೋವೆಂಟ್ ಗಾರ್ಡನ್‌ನಿಂದ ಹಣ್ಣು, ತರಕಾರಿ, ಹೂವಿನ ಸಗಟು ವ್ಯಾಪಾರ 1974ರಲ್ಲಿ ಬೇರೆ ಕಡೆ ಹೋಯಿತು. 1980ರಲ್ಲಿ ಆ ಹಳೆಯ ಕಟ್ಟಡ ಅಂಗಡಿ, ಹೋಟೆಲುಗಳ ಜಾಗವಾಗಿ ತೆರೆಯಿತು. ಕಟ್ಟಡ ಉಳಿಯಿತು, ಹೆಸರು ಉಳಿಯಿತು, ಜನ ಕಿಕ್ಕಿರಿದು ಬರುತ್ತಾರೆ. ಆದರೆ ಕೋಸಿನ ಗಾಡಿ ಬರಲ್ಲ. ಇದನ್ನು ಗೆಲುವು ಅನ್ನುವವರು ಜಾಸ್ತಿ. ನನಗೆ ಅರ್ಧ ಗೆಲುವು. ಲೋಗೋ ಚೆಂದ ಆದಷ್ಟೂ ಬಾಡಿಗೆ ಏರುತ್ತದೆ, ಬಾಡಿಗೆ ಏರಿದಾಗ ಮೊದಲು ಏಳುವುದು ಮೆಂತೆ ಕಟ್ಟಿನವರೇ. ಅದಕ್ಕೆ ನಾನೀಗ ಕೆಲಸ ಒಪ್ಪುವ ಮುಂಚೆ ಹಳೆಯ ವ್ಯಾಪಾರಿಗಳ ಪಟ್ಟಿ ಕೇಳುತ್ತೇನೆ. ಹೊಸ ಕಟ್ಟಡದಲ್ಲಿ ಅವರ ಕಟ್ಟೆ ಎಲ್ಲಿ ಅಂತ ನಕ್ಷೆಯಲ್ಲಿ ತೋರಿಸಿ ಅನ್ನುತ್ತೇನೆ. ತೋರಿಸದಿದ್ದರೆ ಎದ್ದು ಬರುತ್ತೇನೆ. ಎರಡು ಸಲ ಹಾಗೆ ಎದ್ದು ಬಂದಿದ್ದೇನೆ, ಮನೆಯಲ್ಲಿ ಬೈಸಿಕೊಂಡೂ ಇದ್ದೇನೆ.

ಪ್ರಶ್ನೆ ಕೇಳುವುದಕ್ಕೆ ಮುಂಚೆ ವಿದ್ಯಾರ್ಥಿಗಳಿಗೆ ಒಂದು ಮಾತು. ನಾಳೆ ಬೆಳಿಗ್ಗೆ ಆರು ಗಂಟೆಗೆ ನಮ್ಮ ಊರಿನ ಸೂಪರ್ ಮಾರ್ಕೆಟ್ ಬಜಾರದ ಕಡೆ ಬನ್ನಿ. ಲ್ಯಾಪ್‌ಟಾಪ್ ಬೇಡ, ಒಂದು ನೋಟ್‌ಬುಕ್ ಸಾಕು. ಒಬ್ಬೊಬ್ಬರು ಹತ್ತು ಜನ ದಾರಿ ಹೇಳುವುದನ್ನು ಬರೆದುಕೊಳ್ಳಬೇಕು, ಅವರು ಹೇಳಿದ ಹಾಗೇ, ತಿದ್ದದೆ. ಚಹಾ ನನ್ನದು.