ಗೋಝೋಗೆ ಹೋದರೆ ರಾತ್ರಿ ಅಲ್ಲೇ ಉಳಿಯಿರಿ

ಎಲ್ಲರಿಗೂ ನಮಸ್ಕಾರ.

ಯುರೋಪಿನ ಪುಟ್ಟ ದ್ವೀಪದೇಶ ಮಾಲ್ಟಾದ ಚಿರ್ಕೆವ್ವಾ ಬಂದರಿನಲ್ಲಿ ಗೋಝೋ ದ್ವೀಪಕ್ಕೆ ಹೋಗುವ ಫೆರ್ರಿ ಹತ್ತುವಾಗ ಯಾರೂ ದುಡ್ಡು ಕೇಳುವುದಿಲ್ಲ. ನಡೆದು ಹೋಗಿ ಕೂತರೆ ಆಯ್ತು, ಸುಮಾರು 25 ನಿಮಿಷಕ್ಕೆ ಆಚೆ ದಡ. ಟಿಕೆಟ್ ಕೇಳುವುದು ವಾಪಸ್ ಬರುವಾಗ. ಅಲ್ಲೇ ಉಳಿದುಬಿಟ್ಟವರಿಂದ ಏನೂ ತಗೊಳ್ಳದ ಈ ಪದ್ಧತಿ ನನಗೆ ತುಂಬಾ ಇಷ್ಟವಾಯಿತು.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದೂ ಉಳಿಯುವ ವಿಷಯವೇ. ಮೆಡಿಟರೇನಿಯನ್ ಸಮುದ್ರದ ಒಂದು ಚಿಕ್ಕ ದ್ವೀಪಕ್ಕೆ ಬೀಚ್ ನೋಡಲು ಹೋಗುತ್ತಿದ್ದೀರಾ? ದಯವಿಟ್ಟು ಒಂದು ದಿನದ ಟೂರ್ ಬೇಡ. ಕಡಿಮೆ ಅಂದರೂ ನಾಲ್ಕು ರಾತ್ರಿ ಅಲ್ಲೇ ಮಲಗಿ ಏಳಿ.

ನಾನು ಮೊದಲು ಹೋಗಿದ್ದು ಒಂದು ದಿನಕ್ಕೆ. ನನ್ನ ತಮ್ಮ ಮಾಲ್ಟಾದಲ್ಲಿ ಕೆಲಸ ಮಾಡುತ್ತಾನೆ. ಅಮ್ಮನನ್ನು ಕರೆದುಕೊಂಡು ಜುಲೈನಲ್ಲಿ ಅವನ ಮನೆಗೆ ಹೋಗಿದ್ದೆ. ಒಂದೇ ದೋಣಿಯಲ್ಲಿ ಗೋಝೋ, ಕೊಮೀನೋ ಎರಡನ್ನೂ ತೋರಿಸುತ್ತೇವೆ ಅಂದವರಿಗೆ ದುಡ್ಡು ಕಟ್ಟಿದೆವು. ಕೊಮೀನೋ ಅಂದರೆ ಮಾಲ್ಟಾ, ಗೋಝೋ ದ್ವೀಪಗಳ ನಡುವೆ ಇರುವ ಮೂರೂವರೆ ಚದರ ಕಿಲೋಮೀಟರ್ ಬಂಡೆ. ಅದರ ಪಕ್ಕದ ಬ್ಲೂ ಲಗೂನ್ ಅನ್ನುವ ನೀಲಿ ಕೊಲ್ಲಿಯ ಫೋಟೋ ನೀವೆಲ್ಲ ನೋಡಿರುತ್ತೀರಿ. ನೀರಿನ ಬಣ್ಣ ನಿಜವಾಗಿಯೂ ಹಾಗೇ ಇದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಅಮ್ಮನಿಗೆ ಕೂರಲು ಒಂದು ಗೇಣು ನೆರಳು ಸಿಗಲಿಲ್ಲ. ಬಂಡೆಯ ಮೇಲೆ ಟವೆಲ್ ಹಾಸಿ, ಸೆರಗನ್ನು ತಲೆಗೆ ಎಳೆದುಕೊಂಡು, ಒಂದು ಗಂಟೆ ಹಾಗೇ ಕೂತಿದ್ದರು. ಗೋಝೋದಲ್ಲಿ ಇಳಿದಿದ್ದು ಊಟದ ಹೊತ್ತಿಗೆ, ಹತ್ತಿದ್ದು ಮೂರು ಗಂಟೆಗೆ. ದೋಣಿಯವರು ಹೇಳಿದ್ದ ಅರ್ಧ ಜಾಗ ನೋಡಲೇ ಇಲ್ಲ.

ಆ ಜನಜಂಗುಳಿ ನಮಗಿಂತ ಅಲ್ಲಿಯವರಿಗೇ ಜಾಸ್ತಿ ಬೇಸರ ತಂದಿದೆ. ದಡದ ತುಂಬ ಬಾಡಿಗೆ ಕುರ್ಚಿ, ಕೊಡೆ ಇಟ್ಟು ಸಾಮಾನ್ಯ ಜನರಿಗೆ ಜಾಗವೇ ಇಲ್ಲದಂತೆ ಮಾಡಿದ್ದಾರೆ ಎಂದು 2022ರ ಬೇಸಿಗೆಯಲ್ಲಿ ಮಾಲ್ಟಾದ ಹೋರಾಟಗಾರರು ಬ್ಲೂ ಲಗೂನ್‌ಗೇ ಹೋಗಿ ಪ್ರತಿಭಟನೆ ಮಾಡಿದ್ದರು. 2025ರಿಂದ ಅಲ್ಲಿ ಇಳಿಯಲು ಮೊದಲೇ ಆನ್‌ಲೈನ್‌ನಲ್ಲಿ ಹೊತ್ತು ಬುಕ್ ಮಾಡಬೇಕು. ಒಳ್ಳೆಯದೇ ಆಯಿತು ಅನ್ನುತ್ತೇನೆ ನಾನು.

ಎರಡನೇ ಸಲ ಹೋಗಿದ್ದು ಸೆಪ್ಟೆಂಬರ್ ಕೊನೆಗೆ. ಐದು ರಾತ್ರಿ, ಗೋಝೋದಲ್ಲೇ.

ಸೆಪ್ಟೆಂಬರ್ ಕೊನೆ ಯಾಕೆ? ಸಮುದ್ರ ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಮೇ ತಿಂಗಳಲ್ಲಿ ಬಿಸಿಲು ಚೆನ್ನಾಗಿಯೇ ಇರುತ್ತದೆ, ಆದರೆ ನೀರು 19 ಡಿಗ್ರಿ ಆಸುಪಾಸು. ನಮ್ಮ ಕರಾವಳಿಯ ಬೆಚ್ಚಗಿನ ನೀರಿಗೆ ಇಳಿದು ಅಭ್ಯಾಸ ಇರುವವರು ಮೊಣಕಾಲಿಗೆ ಬರುವಷ್ಟರಲ್ಲಿ ವಾಪಸ್ ಓಡುತ್ತಾರೆ. ಅದೇ ಸೆಪ್ಟೆಂಬರ್‌ನಲ್ಲಿ ನೀರು 26 ಡಿಗ್ರಿ ಹತ್ತಿರ ಇರುತ್ತದೆ, ಅಕ್ಟೋಬರ್‌ನಲ್ಲೂ 24ರ ಸುತ್ತ. ಯುರೋಪಿನ ಶಾಲೆಗಳು ಶುರುವಾಗಿರುತ್ತವೆ, ಜನ ಕಡಿಮೆ. ಆಗಾಗ ಗುಡುಗು, ಮಳೆ ಬರಬಹುದು. ಐದು ದಿನದಲ್ಲಿ ಒಂದು ದಿನ ಹೋದರೂ ನಾಲ್ಕು ಉಳಿಯುತ್ತದಲ್ವಾ? ಒಂದೇ ದಿನಕ್ಕೆ ಬಂದವರಿಗೆ ಆ ಭಾಗ್ಯ ಇಲ್ಲ.

ಗೋಝೋ ಎಷ್ಟು ಚಿಕ್ಕದು ಅಂದರೆ 67 ಚದರ ಕಿಲೋಮೀಟರ್. ಬೆಂಗಳೂರಿನ ಹತ್ತನೇ ಒಂದು ಪಾಲೂ ಇಲ್ಲ. ಇದರಿಂದ ಆಗುವ ಉಪಕಾರ ಏನು ಗೊತ್ತಾ? ಯಾವ ಬೀಚಿಗೆ ಹೋಗಬೇಕು ಅನ್ನುವುದನ್ನು ಬೆಂಗಳೂರಿನಲ್ಲಿ ಕೂತು ತೀರ್ಮಾನ ಮಾಡಬೇಕಿಲ್ಲ. ಬೆಳಿಗ್ಗೆ ಎದ್ದು ಗಾಳಿ ನೋಡಿ ಹೊರಟರೆ ಸಾಕು. ಅಲ್ಲಿ ಗಾಳಿಗೆಲ್ಲ ಹೆಸರಿದೆ. ವಾಯವ್ಯದಿಂದ ಬೀಸುವುದು ಮಜಿಸ್ತ್ರಾಲ್, ಇದೇ ಜಾಸ್ತಿ. ಈಶಾನ್ಯದ್ದು ಗ್ರಿಗಾಲ್. ಆಗ್ನೇಯದಿಂದ, ಆಫ್ರಿಕಾ ಕಡೆಯಿಂದ ಸೆಕೆ ಹೊತ್ತು ತರುವುದು ಶ್ಲೊಕ್. ಮಜಿಸ್ತ್ರಾಲ್ ಬಿಟ್ಟ ದಿನ ಉತ್ತರದ ದಡದಲ್ಲಿ ಅಲೆ ಏಳುತ್ತದೆ. ಆಗ ದಕ್ಷಿಣದ ಕಡೆ ಇರುವ ಹೊಂದೋಕ್‌ಗೋ ಇಮ್‌ಜಾರ್ ಇಶ್ಶೀನಿಗೋ ಹೋಗಿ. ನೀರು ಕೆರೆಯ ಹಾಗೆ ನಿಂತಿರುತ್ತದೆ. ಶ್ಲೊಕ್ ಬಂದರೆ ಇದು ತಿರುಗುಮುರುಗು. ನಮ್ಮ ಕಡೆ ಮೀನುಗಾರರು ದೋಣಿ ಇಳಿಸುವ ಮುಂಚೆ ಇದನ್ನೇ ಮಾಡುತ್ತಾರೆ. ರಜೆಗೆ ಹೋದವರು ಮಾಡಿದರೆ ತಪ್ಪೇನಿಲ್ಲ.

ಹೆಸರು ಓದುವುದು ಸ್ವಲ್ಪ ಕಷ್ಟ. ಮಾಲ್ಟೀಸ್ ಭಾಷೆಯ ಮೂಲ ಅರಬ್ಬಿ, ಬರೆಯುವುದು ಮಾತ್ರ ಇಂಗ್ಲಿಷ್ ಅಕ್ಷರದಂಥ ಲಿಪಿಯಲ್ಲಿ. ಅಲ್ಲಿ ಎಕ್ಸ್ ಅಕ್ಷರ ಕಂಡರೆ 'ಶ' ಅಂತ ಓದಿ. ಬೋರ್ಡಿನಲ್ಲಿ ಎಕ್ಸ್‌ನಿಂದ ಶುರುವಾಗುವ ಊರು ಶ್ಲೆಂದಿ. ಬಸ್ ಡ್ರೈವರ್‌ಗೆ ಹಾಗೆ ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ಅಲ್ಲಿ ಇಂಗ್ಲಿಷ್ ಕೂಡ ಅಧಿಕೃತ ಭಾಷೆ, ಹಾಗಾಗಿ ಮಾತಿಗೆ ತೊಂದರೆ ಇಲ್ಲ. ಗಾಡಿ ಓಡಿಸುವುದು ನಮ್ಮ ಹಾಗೇ ಎಡಗಡೆ. ಹೆಚ್ಚಿನ ಬಸ್ಸುಗಳು ದ್ವೀಪದ ನಡುವಿನ ವಿಕ್ಟೋರಿಯಾ ಊರಿಗೆ ಬಂದು ಹೋಗುತ್ತವೆ.

ರಮ್ಲಾ ಎಂದರೆ ಮರಳು, ಹಮ್ರಾ ಎಂದರೆ ಕೆಂಪು. ರಮ್ಲಾ ಇಲ್ ಹಮ್ರಾ ಗೋಝೋದ ದೊಡ್ಡ ಮರಳಿನ ಬೀಚ್. ನಾವು ಅಲ್ಲಿಗೆ ಹೋಗಿದ್ದು ಸಂಜೆ ಐದೂವರೆಗೆ. ಹಗಲಿನ ಟೂರಿನವರು ಅಷ್ಟೊತ್ತಿಗೆ ಹೊರಟಿದ್ದರು. ಇಳಿಬಿಸಿಲಿಗೆ ಮರಳು ಹೊಸ ಹಂಚಿನ ಬಣ್ಣಕ್ಕೆ ತಿರುಗಿತ್ತು. ಅಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ನೀರಿನ ಅಂಚಿಗೆ ಹೋಗಿ ನಿಂತರು. ಸ್ವಲ್ಪ ಹೊತ್ತು ನೋಡಿ, "ಇಲ್ಲಿ ಭರತ ಇಳಿತ ಇಲ್ವೇನೇ?" ಅಂದರು. ಕುಮಟಾದ ಸಮುದ್ರ ನೋಡಿ ಬೆಳೆದವರ ಕಣ್ಣಿಗೆ ಅದೇ ಮೊದಲು ಕಂಡಿತ್ತು. ಮೆಡಿಟರೇನಿಯನ್‌ನಲ್ಲಿ ಏರಿಳಿತ ತೀರಾ ಕಡಿಮೆ, ಒಂದೆರಡು ಗೇಣು ಅಷ್ಟೇ. ಜಿಬ್ರಾಲ್ಟರ್‌ನ ಕಿರಿದಾದ ಬಾಗಿಲು ಬಿಟ್ಟರೆ ಸುತ್ತ ನೆಲ. ಮಹಾಸಾಗರದ ಭರತ ಒಳಗೆ ಬರುವುದು ತೀರಾ ಕಮ್ಮಿ.

ನೀರು ಅಷ್ಟು ತಿಳಿಯಾಗಿರಲು ಕಾರಣವೂ ನಮ್ಮ ಸಮುದ್ರಕ್ಕೆ ತದ್ವಿರುದ್ಧ. ಅಲ್ಲಿನ ನೀರಿನಲ್ಲಿ ಪಾಚಿಜೀವಿಗಳಿಗೆ ಬೇಕಾದ ಆಹಾರವೇ ಕಮ್ಮಿ. ಅರಬ್ಬಿ ಸಮುದ್ರ ಮಳೆಗಾಲದಲ್ಲಿ ತಳದ ಸಾರವನ್ನೆಲ್ಲ ಮೇಲೆ ತರುತ್ತದೆ. ಅದಕ್ಕೇ ನಮ್ಮ ನೀರು ಕದಡಿದ ಹಾಗೆ ಕಾಣುತ್ತದೆ, ಮೀನೂ ಅಷ್ಟು ಸಿಗುತ್ತದೆ. ಆ ನೀಲಿ ನೋಡಿ ಬಂದು ನಮ್ಮ ಸಮುದ್ರ ಕೊಳಕು ಅನ್ನುವವರ ಮಾತು ಕೇಳಿದರೆ ನನಗೆ ನೋವಾಗುತ್ತದೆ.

ಅಲ್ಲಿನ ದಡದಲ್ಲಿ ಕಂದು ಬಣ್ಣದ ರಿಬ್ಬನ್ನಿನಂಥ ಎಲೆ ರಾಶಿ ಬಿದ್ದಿದ್ದರೂ ಕಸ ಅಂದುಕೊಳ್ಳಬೇಡಿ. ಅದು ಪೊಸಿಡೋನಿಯಾ, ಸಮುದ್ರದ ಹುಲ್ಲು. ಅಲೆ ಮರಳನ್ನು ಎಳೆದುಕೊಂಡು ಹೋಗದಂತೆ ಕಾಯುವುದು ಆ ರಾಶಿಯೇ. ಜೆಲ್ಲಿ ಮೀನಿನ ವಿಷಯದಲ್ಲಿ ಮಾತ್ರ ಜಾಗ್ರತೆ. ನೇರಳೆ ಬಾವುಟ ಹಾರುತ್ತಿದ್ದರೆ ನೀರಿಗೆ ಇಳಿಯಬೇಡಿ.

ಹಳೆಯ ಫೋಟೋ ನಂಬಿ ಹೋಗುವವರಿಗೆ ಒಂದು ಮಾತು. ಸಮುದ್ರದ ಮೇಲೆ ಕಲ್ಲಿನ ಕಮಾನು ಇತ್ತಲ್ಲ, ಅಝುರ್ ವಿಂಡೋ, ಅದು 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದು ಹೋಯಿತು. ಜಾಗ ಈಗಲೂ ಚೆನ್ನಾಗಿದೆ, ಕಮಾನು ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಮಾರ್ಸಲ್‌ಫೋರ್ನ್ ದಾಟಿದರೆ ಸಿಗುವ ಶ್ವೇನಿಯ ಉಪ್ಪಿನ ಆಗರ. ನಮ್ಮ ಸಾಣಿಕಟ್ಟಾದಲ್ಲಿ ಮಣ್ಣಿನ ಗದ್ದೆ ಕಟ್ಟಿ ಉಪ್ಪು ತೆಗೆಯುತ್ತಾರೆ. ಇಲ್ಲಿ ದಡದ ಹಳದಿ ಸುಣ್ಣಕಲ್ಲನ್ನೇ ಕೆತ್ತಿ ನೂರಾರು ಚೌಕ ಮಾಡಿದ್ದಾರೆ. ಬೆಳಿಗ್ಗೆ ಏಳಕ್ಕೆ ಹೋದಾಗ ವಯಸ್ಸಾದ ಒಬ್ಬರು ಪೊರಕೆ ಹಿಡಿದು ಉಪ್ಪನ್ನು ಮೂಲೆಗೆ ಗುಡಿಸುತ್ತಿದ್ದರು. ಸರ್, ಸರ್ ಅನ್ನುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅಮ್ಮ ಒಂದು ಹರಳು ಎತ್ತಿ ಬಾಯಿಗೆ ಹಾಕಿಕೊಂಡು, ನಮ್ಮದಕ್ಕಿಂತ ಬಿಳಿ ಜಾಸ್ತಿ ಅಂದರು. ಅವರಿಗೆ ಕನ್ನಡ ಬರದು, ಅಮ್ಮನಿಗೆ ಮಾಲ್ಟೀಸ್ ಬರದು. ಇಬ್ಬರೂ ಹತ್ತು ನಿಮಿಷ ಕೈಸನ್ನೆಯಲ್ಲೇ ಉಪ್ಪಿನ ಮಾತಾಡಿದರು. ಟೂರ್ ದೋಣಿಯವರ ಪಟ್ಟಿಯಲ್ಲಿ ಬೆಳಿಗ್ಗೆ ಏಳು ಗಂಟೆ ಅನ್ನುವ ಹೊತ್ತೇ ಇರುವುದಿಲ್ಲ.

ಸಸ್ಯಾಹಾರಿಗಳು ಊಟಕ್ಕೆ ಹೆದರಬೇಡಿ. ಬಟಾಣಿ ತುಂಬಿದ ಪಾಸ್ತಿತ್ಸಿ ಎಲ್ಲ ಕಡೆ ಸಿಗುತ್ತದೆ, ಸಮೋಸ ತಿನ್ನುವವರಿಗೆ ಹಿಡಿಸುತ್ತದೆ. ಜ್ಬೇನಾ ಅನ್ನುವ ಕುರಿ ಹಾಲಿನ ಚೀಸ್ ತಿನ್ನುವ ಮೊದಲು, ಹಾಲು ಒಡೆಸಲು ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿದ್ದಾರಾ ಕೇಳಿ. ಇನ್ನು ಸ್ನಾನದ ನೀರು ಹಿಡಿತದಲ್ಲಿರಲಿ. ದ್ವೀಪದಲ್ಲಿ ನದಿ ಇಲ್ಲ. ಮಾಲ್ಟಾದ ನಲ್ಲಿಗಳಲ್ಲಿ ಬರುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಮುದ್ರದ ನೀರಿನಿಂದ ಉಪ್ಪು ತೆಗೆದು ಮಾಡಿದ್ದು.

ಕೊನೆಗೆ ವೀಸಾ. ಬೇಕಾಗಿರುವುದು ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ವೀಸಾ. ದೊಡ್ಡವರಿಗೆ ಶುಲ್ಕ 90 ಯೂರೋ, ಜೊತೆಗೆ ಕಡಿಮೆ ಅಂದರೂ 30,000 ಯೂರೋ ಚಿಕಿತ್ಸೆ ವೆಚ್ಚ ಕೊಡುವ ಪ್ರಯಾಣ ವಿಮೆ. ಹೊರಡುವುದಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ಸೆಪ್ಟೆಂಬರ್ ಕೊನೆಗೆ ಹೋಗುವವರು ಜೂನ್‌ನಲ್ಲೇ ಹಾಕಿ. ಉಳಿಯುವ ಜಾಗದ ಬುಕಿಂಗ್ ತೋರಿಸಬೇಕಾಗುತ್ತದೆ, ರದ್ದು ಮಾಡಲು ಬರುವಂಥ ರೂಮ್ ನೋಡಿ. ಆ ಬುಕಿಂಗ್‌ನಲ್ಲಿ ಊರಿನ ಹೆಸರು ಗೋಝೋದ್ದೇ ಇರಲಿ.