ಒಂದೇ ಹಾಳೆ, ಎರಡು ಫಲಿತಾಂಶ: ಟಿಕ್ ಹಾಕಿದರೆ ರೋಗಿ ಉಳಿಯುತ್ತಾರೆಯೇ?

ನಮಸ್ಕಾರ. ಈ ಸಂಚಿಕೆಯ ಪ್ರಶ್ನೆ ತೀರ್ಥಹಳ್ಳಿ ಕಡೆಯ ವೀಕ್ಷಕರೊಬ್ಬರದು. ಅವರು ಆಪರೇಷನ್ ಥಿಯೇಟರಿನಲ್ಲಿ ಸ್ಟಾಫ್ ನರ್ಸ್. "ಪ್ರತಿ ಆಪರೇಷನ್ನಿಗೂ ಒಂದು ಚೆಕ್‌ಲಿಸ್ಟ್ ತುಂಬುತ್ತೇವೆ ಸರ್. ಎಷ್ಟೋ ಸಲ ಎಲ್ಲ ಮುಗಿದ ಮೇಲೆ ಕೂತು ಒಟ್ಟಿಗೇ ಟಿಕ್ ಹಾಕುವುದೂ ಉಂಟು. ಇದರಿಂದ ರೋಗಿಗೆ ಏನಾದರೂ ಪ್ರಯೋಜನ ಇದೆಯಾ, ಇಲ್ಲ ಫೈಲು ದಪ್ಪ ಆಗುವುದಷ್ಟೇನಾ?" ಎಂದು ಕೇಳಿದ್ದಾರೆ. ಈ ಪ್ರಶ್ನೆಯ ಬೆನ್ನು ಹತ್ತಿದರೆ ಅದು ಥಿಯೇಟರಿನಿಂದ ಶಾಲೆಗೂ ಕಾರ್ಖಾನೆಗೂ ಕರೆದೊಯ್ಯುತ್ತದೆ.

ಮೊದಲು ಮೂಲ ಸಂಗತಿಯನ್ನು ಬೇಗನೆ ಹೇಳಿಬಿಡುತ್ತೇನೆ. ಈ ಹಾಳೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದಿತು. ಅದರಲ್ಲಿ 19 ಅಂಶಗಳಿವೆ. ಅರಿವಳಿಕೆ ಕೊಡುವ ಮುನ್ನ ಒಮ್ಮೆ, ಚರ್ಮ ಕೊಯ್ಯುವ ಮುನ್ನ ಒಮ್ಮೆ, ರೋಗಿಯನ್ನು ಥಿಯೇಟರಿನಿಂದ ಹೊರಗೆ ಕಳಿಸುವ ಮುನ್ನ ಮತ್ತೊಮ್ಮೆ ಇಡೀ ತಂಡ ಕೈ ನಿಲ್ಲಿಸಿ ಅವನ್ನು ಬಾಯಿಬಿಟ್ಟು ಹೇಳಿ ಖಚಿತಪಡಿಸಿಕೊಳ್ಳಬೇಕು.

[ತೆರೆಯ ಮೇಲೆ ಎಂಟು ನಗರಗಳ ನಕ್ಷೆ ಕಾಣಿಸುತ್ತದೆ.]

ದೆಹಲಿ, ಟೊರಾಂಟೊ, ಲಂಡನ್, ಮನಿಲಾ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು, ದೊಡ್ಡ ತೊಡಕುಗಳು ಶೇ 11ರಿಂದ ಶೇ 7ಕ್ಕೆ ಇಳಿದವು. 2009ರ ಜನವರಿಯಲ್ಲಿ ಈ ಫಲಿತಾಂಶ ಪ್ರಕಟವಾದಾಗ ಜಗತ್ತಿನ ಆಸ್ಪತ್ರೆಗಳೆಲ್ಲ ಈ ಹಾಳೆಯ ಕಡೆ ತಿರುಗಿ ನೋಡಿದವು.

ಒಗಟು ಶುರುವಾಗುವುದು ಇಲ್ಲಿಂದ ಮುಂದೆ. ಟೊರಾಂಟೊ ಇರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಅದೇ ಪ್ರಾಂತ್ಯದಲ್ಲಿ ಈ ಪಟ್ಟಿಯ ಬಳಕೆಯ ಬಗ್ಗೆ ಆಸ್ಪತ್ರೆಗಳು ವರದಿ ಕೊಡುವುದು ಕಡ್ಡಾಯವಾಯಿತು. ಹೆಚ್ಚುಕಡಿಮೆ ಪೂರ್ತಿಯಾಗಿ ಪಾಲಿಸುತ್ತಿದ್ದೇವೆ ಎಂದೇ ಆಸ್ಪತ್ರೆಗಳು ಹೇಳಿಕೊಂಡವು. ಆದರೆ 101 ಆಸ್ಪತ್ರೆಗಳ ಲೆಕ್ಕ ತೆಗೆದು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾವಿನ ಪ್ರಮಾಣ ಶೇ 0.71 ಇದ್ದದ್ದು ಶೇ 0.65 ಆಗಿತ್ತು, ಅಷ್ಟೇ. ಸಂಖ್ಯಾಶಾಸ್ತ್ರದ ಪ್ರಕಾರ ಅದು ಲೆಕ್ಕಕ್ಕೆ ಬರುವಂಥ ಇಳಿಕೆಯಲ್ಲ. ಅಲ್ಲಿ ಸಾವು ಮೊದಲೇ ಕಡಿಮೆಯಿತ್ತು, ನೋಡಿದ ಅವಧಿಯೂ ಪಟ್ಟಿ ಬರುವ ಮುಂಚಿನ ಮತ್ತು ಆಮೇಲಿನ ಮೂರು ಮೂರು ತಿಂಗಳಷ್ಟೇ ಎಂಬುದನ್ನು ಮರೆಯಬಾರದು. ಹಾಗಿದ್ದರೂ ಅದೇ ಹಾಳೆ, ಅದೇ 19 ಅಂಶಗಳು ಇಷ್ಟು ಬೇರೆ ಬೇರೆ ಫಲ ಕೊಟ್ಟದ್ದು ಏಕೆ?

ಇದಕ್ಕೆ ಉತ್ತರದ ಸುಳಿವು ಆ ಪಟ್ಟಿಯ ಒಂದು ಸಾಲಿನಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಚರ್ಮ ಕೊಯ್ಯುವ ಮುನ್ನ ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ತಮ್ಮ ಕೆಲಸವನ್ನೂ ಹೇಳಬೇಕು ಎನ್ನುತ್ತದೆ ಆ ಸಾಲು. ದಿನವೂ ಒಟ್ಟಿಗೆ ಕೆಲಸ ಮಾಡುವವರಿಗೆ ಇದು ಅನವಶ್ಯಕ ಎನಿಸಬಹುದು. ಆದರೆ ಆ ಗಳಿಗೆಯನ್ನು ಹತ್ತಿರದಿಂದ ನೋಡಿ. ಮೇಜಿನ ಮೇಲೆ ರೋಗಿ ಮಲಗಿದ್ದಾರೆ, ಮೇಲೆ ಹಸಿರು ಬಟ್ಟೆ ಹೊದಿಸಿಯಾಗಿದೆ, ಎಲ್ಲರ ಮುಖಕ್ಕೂ ಮಾಸ್ಕ್ ಇದೆ, ಸರ್ಜನ್ ಕೈ ಚಾಚಿದ್ದಾರೆ. ಟ್ರೇ ಪಕ್ಕದಲ್ಲಿ ಕೆಲಸಕ್ಕೆ ಸೇರಿ ತಿಂಗಳಾಗದ ಸಿಸ್ಟರ್ ನಿಂತಿದ್ದಾರೆ. ಕೊಯ್ಯುವುದಕ್ಕೆ ಮುಂಚಿನ 60 ನಿಮಿಷಗಳೊಳಗೆ ಕೊಡಬೇಕಾದ ಆಂಟಿಬಯಾಟಿಕ್ ಕೊಟ್ಟಿಲ್ಲ ಎಂಬುದು ಅವರಿಗೆ ಗೊತ್ತಿದೆ. ಬೆಳಗಿನಿಂದ ಒಂದು ಮಾತನ್ನೂ ಆಡದವರು ಆ ಕ್ಷಣದಲ್ಲಿ "ಸರ್, ಒಂದು ನಿಮಿಷ" ಎನ್ನುವುದು ಎಷ್ಟು ಕಷ್ಟವೆಂಬುದು ನಮ್ಮ ಊರಿನ ಯಾವ ಕಚೇರಿಯಲ್ಲಿ ಕೆಲಸ ಮಾಡಿದವರಿಗೂ ತಿಳಿದದ್ದೇ. ಸ್ವಲ್ಪ ಮೊದಲು ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿ, ಸರ್ಜನ್ ತಲೆಯೆತ್ತಿ ತನ್ನನ್ನು ನೋಡಿದ್ದರೆ, ಆ ಎರಡನೆಯ ಮಾತು ಅಷ್ಟು ಕಷ್ಟವಾಗುವುದಿಲ್ಲ. ಎಲ್ಲ ಮುಗಿದ ಮೇಲೆ ಕೂತು ಟಿಕ್ ಹಾಕಿದಾಗ ಹಾಳೆ ತುಂಬುತ್ತದೆ, ಈ ಗಳಿಗೆ ಮಾತ್ರ ಕೈತಪ್ಪಿ ಹೋಗಿರುತ್ತದೆ.

ಮಲೆನಾಡಿನವರಿಗೆ ಇದನ್ನು ಅಡಿಕೆಯಿಂದ ಹೇಳುವುದು ಸುಲಭ. ಮಂಡಿಯಲ್ಲಿ ಇದು ಸರಕು, ಇದು ಬೆಟ್ಟೆ, ಇದು ರಾಶಿ, ಇದು ಗೊರಬಲು ಎಂದು ಬೇರ್ಪಡಿಸಿ ಬೆಲೆ ಕಟ್ಟುತ್ತಾರೆ. ಎಷ್ಟೇ ನುರಿತ ಕಣ್ಣಿನಿಂದ ನೋಡಿದರೂ ಮಂಡಿಯಲ್ಲಿ ಕೆಳದರ್ಜೆಯ ಗೊರಬಲು ಮೇಲ್ದರ್ಜೆಯ ಸರಕಾಗುವುದಿಲ್ಲ. ಕಾಯಿ ಎಷ್ಟು ಎಳೆಯದಾಗಿರುವಾಗ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸಿದರು, ಸುಲಿದದ್ದನ್ನು ಹಂಡೆಯ ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕೆಂಪು ನೀರಿನಲ್ಲಿ) ಎಷ್ಟು ಹೊತ್ತು ಬೇಯಿಸಿದರು, ಮಳೆ ಹನಿ ತಾಗದಂತೆ ಹೇಗೆ ಒಣಗಿಸಿದರು ಎಂಬುದರಲ್ಲೇ ಎಲ್ಲವೂ ತೀರ್ಮಾನವಾಗಿರುತ್ತದೆ. ಅದರಲ್ಲೂ ಮರದ ತುದಿಯಲ್ಲಿ ಕೂತು ಗೊನೆ ಕೊಯ್ಯುವ ಕೊನೆಗೌಡನಿಗೆ ಕಾಣುವಷ್ಟು ಹತ್ತಿರದಿಂದ ಆ ಕಾಯಿ ಬುಡದಲ್ಲಿ ನಿಂತ ತೋಟದ ಯಜಮಾನರಿಗೆ ಕಾಣುವುದಿಲ್ಲ. "ಈ ಕೊನೆ ಇನ್ನೂ ಎಂಟು ದಿನ ಇರಲಿ ಹೆಗ್ಡೇರೇ" ಎಂದು ಮೇಲಿನಿಂದ ಕೂಗಿ ಹೇಳುವ ಸಲುಗೆ ಅವನಿಗಿದ್ದರೆ ಆ ವರ್ಷದ ಮಾಲೇ ಬೇರೆ. ಗುಣಮಟ್ಟಶಾಸ್ತ್ರದ ದೊಡ್ಡ ಹೆಸರಾದ ಡಬ್ಲ್ಯೂ. ಎಡ್ವರ್ಡ್ಸ್ ಡೆಮಿಂಗ್ ತಮ್ಮ 14 ಸೂತ್ರಗಳಲ್ಲಿ ಮೂರನೆಯದಾಗಿ ಹೇಳಿದ್ದು ಇದನ್ನೇ: ಕೊನೆಯ ತಪಾಸಣೆಯನ್ನು ನೆಚ್ಚಿಕೊಳ್ಳಬೇಡಿ, ಗುಣಮಟ್ಟವನ್ನು ಕೆಲಸದೊಳಗೇ ಕಟ್ಟಿರಿ.

ಆಸ್ಪತ್ರೆಗಳ ಪುರಾವೆಯೂ ಇದೇ ಕಡೆ ಬೆರಳು ತೋರಿಸುತ್ತದೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಹಾಳೆ ಹಂಚಿ ಸುಮ್ಮನಾಗದೆ, ಸರ್ಜನ್ನರೂ ನರ್ಸುಗಳೂ ಒಟ್ಟಿಗೆ ಕೂತು ಮಾತನಾಡುವ ತರಬೇತಿ ಕೊಟ್ಟರು. 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ತರಬೇತಿ ಪಡೆದ 74 ಆಸ್ಪತ್ರೆಗಳಲ್ಲಿ ಸಾವು ಶೇ 18ರಷ್ಟು ಇಳಿದರೆ, ಪಡೆಯದ 34ರಲ್ಲಿ ಶೇ 7ರಷ್ಟು ಮಾತ್ರ ಇಳಿಯಿತು. ನಮ್ಮ ದೇಶದ ಪುರಾವೆ ಇನ್ನೂ ಕಠಿಣ ಪಾಠ ಕಲಿಸುತ್ತದೆ. ಉತ್ತರ ಪ್ರದೇಶದ 120 ಹೆರಿಗೆ ಕೇಂದ್ರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೆರಿಗೆಗೆಂದೇ ಮಾಡಿದ ಬೇರೊಂದು ಚೆಕ್‌ಲಿಸ್ಟ್ ಜೊತೆಗೆ ಮಾರ್ಗದರ್ಶಕರೂ ಇದ್ದ ಕಡೆ ಎರಡು ತಿಂಗಳಲ್ಲಿ ಶೇ 73ರಷ್ಟು ಸರಿಯಾದ ಕ್ರಮಗಳು ನಡೆಯುತ್ತಿದ್ದವು; ಉಳಿದ ಕಡೆ ಶೇ 42 ಮಾತ್ರ. ಮಾರ್ಗದರ್ಶಕರು ಹೋದ ಮೇಲೆ, ವರ್ಷದ ಹೊತ್ತಿಗೆ, ಅದು ಶೇ 62ಕ್ಕೆ ಇಳಿದಿತ್ತು. ತಾಯಿ ಮಗುವಿನ ಸಾವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮಾತನಾಡುವ ವಾತಾವರಣದ ಜೊತೆಗೆ ರಕ್ತ, ಔಷಧಿ, ವೈದ್ಯರು, ಸಮಯಕ್ಕೆ ಸಿಗುವ ಆಂಬುಲೆನ್ಸ್ ಕೂಡ ಬೇಕು. ಹೊಸನಗರದಿಂದ ಮಳೆಯಲ್ಲಿ ಶಿವಮೊಗ್ಗಕ್ಕೆ ರೆಫರ್ ಆಗಿ ಬರುವ ಬಾಣಂತಿಯ ಮನೆಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸಮಯ ಕಡಿಮೆಯಿರುವುದರಿಂದ ಉದ್ಯಮವನ್ನೂ ಶಾಲೆಯನ್ನೂ ಒಟ್ಟಿಗೇ ಹೇಳುತ್ತೇನೆ. ಟೊಯೋಟಾ ಕಾರ್ಖಾನೆಗಳಲ್ಲಿ ದೋಷ ಕಂಡ ಯಾವ ಕಾರ್ಮಿಕನಾದರೂ ಒಂದು ಹಗ್ಗ ಎಳೆದು ಮೇಲಿನವರನ್ನು ಕರೆಯಬಹುದು, ದೋಷ ಬಗೆಹರಿಯದಿದ್ದರೆ ಕಾರು ಜೋಡಿಸುವ ಇಡೀ ಸಾಲೇ ನಿಲ್ಲುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಎಂಬ ಬೋಧನಾ ಪದ್ಧತಿಯಲ್ಲಿ ಮಗು ಕಲಿಕೆಯ ಏಣಿಯ ಒಂದೊಂದೇ ಮೆಟ್ಟಿಲನ್ನು ತನ್ನ ವೇಗದಲ್ಲಿ ಹತ್ತುತ್ತದೆ, ಎಲ್ಲಿ ತೊಡಕಿದೆ ಎಂಬುದು ಅಲ್ಲೇ ತಿಳಿಯುತ್ತದೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಫೇಲಾದವರನ್ನು ಹುಡುಕಿ ಫೆಬ್ರವರಿಯಲ್ಲಿ ವಿಶೇಷ ತರಗತಿ ನಡೆಸುವ ಶಾಲೆಗಳ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಜುಲೈ ತಿಂಗಳಲ್ಲೇ "ಅರ್ಥವಾಗಲಿಲ್ಲ ಮೇಷ್ಟ್ರೇ" ಎಂದ ಮಗುವಿನ ಮಾತಿಗೆ ಪಾಠ ನಿಲ್ಲಬೇಕಿತ್ತು.

ಇನ್ನು ಆ ಸಿಸ್ಟರ್ ಅವರ ಪ್ರಶ್ನೆಗೆ ನೇರ ಉತ್ತರ. ಕೆಲಸ ಮುಗಿದ ಮೇಲೆ ಹಾಕುವ ಟಿಕ್‌ನಿಂದ ಪ್ರಯೋಜನವಿಲ್ಲ, ಕೆಲಸ ನಿಲ್ಲಿಸಿ ಗಟ್ಟಿಯಾಗಿ ಓದಿದರೆ ಪ್ರಯೋಜನವಿದೆ. ನಿಮ್ಮ ಥಿಯೇಟರಿನಲ್ಲಿ ಮೂರೂ ನಿಲುಗಡೆಗಳನ್ನು ಒಮ್ಮೆಲೇ ಜಾರಿಗೆ ತರುವುದು ಆಗದಿದ್ದರೆ ಚರ್ಮ ಕೊಯ್ಯುವ ಮುಂಚಿನದನ್ನು ಮೊದಲು ಹಿಡಿಯಿರಿ, ಹಾಳೆಯನ್ನು ಓದುವವರು ಸರ್ಜನ್ ಆಗಿರದೆ ನರ್ಸ್ ಆಗಿರಲಿ. ಆ ನಿಲುಗಡೆಯಲ್ಲಿ ಏನಾದರೂ ತಪ್ಪು ಸಿಕ್ಕಿದರೆ ಯಾರ ಹೆಸರನ್ನೂ ಬರೆಯದೆ, ಸಿಕ್ಕಿದ್ದು ಏನು ಎಂಬುದನ್ನಷ್ಟೇ ಒಂದು ನೋಟ್‌ಬುಕ್ಕಿನಲ್ಲಿ ದಾಖಲಿಸಿ, ತಿಂಗಳಿಗೊಮ್ಮೆ ಸರ್ಜನ್ನರೂ ಆಡಳಿತದವರೂ ಕೂತು ಅದನ್ನು ಓದಲಿ.