ಜೊತೆಗಾರನಿಲ್ಲದ ಸಿಂಹ

ಆಕಾಶವಾಣಿ ಕೇಳುಗರೆಲ್ಲರಿಗೂ ನಮಸ್ಕಾರ. ಹೊಲದಲ್ಲಿ ಮೊಬೈಲ್‌ನಲ್ಲೇ ರೇಡಿಯೊ ಹಚ್ಚಿಕೊಂಡಿರುವ ಅಣ್ಣಂದಿರೇ, ರೊಟ್ಟಿ ಬಡಿಯುತ್ತಾ ಕೇಳುತ್ತಿರುವ ಅವ್ವಂದಿರೇ, ಅಕ್ಕಂದಿರೇ, ಶಾಲೆಯ ಮಕ್ಕಳೇ, ಆಗಸ್ಟ್ 10 ವಿಶ್ವ ಸಿಂಹ ದಿನ. ಆ ನೆಪದಲ್ಲಿ ಸಿಂಹದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ವಿಜಯಪುರ ನಿಲಯದವರು ನನ್ನನ್ನು ಕರೆದಿದ್ದಾರೆ. ಪ್ರಾಣಿಶಾಸ್ತ್ರ ಪಾಠ ಮಾಡುವವನು ನಾನು. ನಾಲ್ಕು ಮಾತು ಬೇಡ, ಒಂದೇ ಮಾತು ಹೇಳುತ್ತೇನೆ, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ಗಂಡು ಸಿಂಹ ಒಂಟಿಯಾಗಿ ಬಾಳುವುದಿಲ್ಲ. ಜೊತೆಗಾರನಿದ್ದರೆ ಅವನು ರಾಜ. ಜೊತೆಗಾರನಿಲ್ಲದಿದ್ದರೆ ಅಲೆಮಾರಿ.

ಇದನ್ನು ಯಾಕೆ ಹೇಳಬೇಕಾಯಿತು ಗೊತ್ತಾ? ಕಬ್ಬಿನ ಸೀಸನ್ನಿನಲ್ಲಿ ಮುಧೋಳ, ಜಮಖಂಡಿ ರಸ್ತೆಗೆ ಬನ್ನಿ. ಟ್ರ್ಯಾಕ್ಟರ್ ಮೇಲೆ ಸಿಂಹದ ಚಿತ್ರ, ಕೆಳಗೆ ದೊಡ್ಡ ಅಕ್ಷರದಲ್ಲಿ ‘ಒಂಟಿ ಸಿಂಹ’. ಆಟೋ ಹಿಂದೆ ‘ಸಿಂಗಲ್ ಸಿಂಹ’. ಹುಡುಗರ ಮೊಬೈಲ್ ಸ್ಟೇಟಸ್ಸಿನಲ್ಲೂ ಅದೇ. ಚಿತ್ರ ಚೆಂದ ಇದೆ, ಮಾತು ಮಾತ್ರ ಸುಳ್ಳು. ಒಂಟಿಯಾಗಿ ತಿರುಗುವುದು ಹುಲಿ, ಚಿರತೆ. ದೊಡ್ಡ ಬೆಕ್ಕುಗಳಲ್ಲಿ ಅವ್ವ, ಚಿಗವ್ವ, ಅಕ್ಕ, ತಂಗಿ ಎಂದು ಕುಟುಂಬ ಕಟ್ಟಿಕೊಂಡು ಬಾಳುವುದು ಸಿಂಹ ಒಂದೇ. ಹಲಸಿಯಿಂದ ಆಳಿದ ಕದಂಬರ ಲಾಂಛನದಲ್ಲೂ ಸಿಂಹ ಒಂದೇ ನಿಂತಿದೆ, ನಿಜ. ಲಾಂಛನದಲ್ಲಿ ನಿಲ್ಲಬಹುದು, ಕಾಡಿನಲ್ಲಿ ಆಗುವುದಿಲ್ಲ.

ಹೇಗೆ ಅಂತ ಕೇಳಿ. ಸಿಂಹಗಳ ಕುಟುಂಬ ಹೆಣ್ಣುಗಳದ್ದು. ಹೆಣ್ಣುಮಕ್ಕಳು ಸಾಮಾನ್ಯವಾಗಿ ಹುಟ್ಟಿದ ನೆಲದಲ್ಲೇ ಉಳಿಯುತ್ತವೆ. ಗಂಡುಮಕ್ಕಳು ಎರಡು ಮೂರು ವರ್ಷಕ್ಕೆ ಮನೆ ಬಿಡಬೇಕು. ಬಿಡದಿದ್ದರೆ ದೊಡ್ಡ ಗಂಡುಗಳು ಹೊಡೆದು ಓಡಿಸುತ್ತವೆ. ಒಂದು ಕುಟುಂಬದ ಹೆಣ್ಣುಗಳು ಬಹಳ ಸಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮರಿ ಹಾಕುತ್ತವೆ, ಒಬ್ಬಳ ಮರಿಗೆ ಇನ್ನೊಬ್ಬಳು ಹಾಲು ಕುಡಿಸುತ್ತಾಳೆ. ಹೀಗಾಗಿ ಅಣ್ಣತಮ್ಮಂದಿರು, ಚಿಗವ್ವನ ಮಕ್ಕಳು ಎಲ್ಲ ಒಂದೇ ವಾರಿಗೆಯವರು. ಮನೆ ಬಿಡುವಾಗಲೂ ಒಟ್ಟಿಗೇ ಬಿಡುತ್ತಾರೆ. ಆಮೇಲೆ ಅಲೆದಾಟ. ಹಸಿವು, ಪೆಟ್ಟು, ಬೇರೆಯವರ ನೆಲದಲ್ಲಿ ಕದ್ದುಮುಚ್ಚಿ ಓಡಾಟ. ಕೇಸರ ಬೆಳೆದು, ಮೈ ತುಂಬಿ, ನಾಲ್ಕೈದು ವರ್ಷಕ್ಕೆ ಬಂದಾಗ ಯಾವುದಾದರೊಂದು ಕುಟುಂಬದ ಯಜಮಾನ ಗಂಡುಗಳ ಮೇಲೆ ಏರಿ ಹೋಗುತ್ತವೆ. ಒಬ್ಬನೇ ಹುಟ್ಟಿದ ಪಾಪದವನು ಏನು ಮಾಡುತ್ತಾನೆ? ಅವನೂ ಸುಮ್ಮನೆ ಕೂರುವುದಿಲ್ಲ. ದಾರಿಯಲ್ಲಿ ಸಿಕ್ಕ ಇನ್ನೊಬ್ಬ ಒಂಟಿಯನ್ನು ಹುಡುಕಿ ಜೋಡಿ ಮಾಡಿಕೊಳ್ಳುತ್ತಾನೆ. ರಕ್ತಸಂಬಂಧ ಇಲ್ಲದಿದ್ದರೂ ಆಯಿತು, ಜೊತೆಗಾರ ಬೇಕು.

ಟಾಂಜಾನಿಯಾದ ಸೆರೆಂಗೆಟಿಯಲ್ಲಿ 1966ರಿಂದ ಸಿಂಹಗಳ ಅಧ್ಯಯನ ನಡೆದಿದೆ. ಜಾರ್ಜ್ ಶಾಲರ್ ಶುರು ಮಾಡಿದರು. ಕ್ರೇಗ್ ಪ್ಯಾಕರ್, ಆ್ಯನ್ ಪ್ಯೂಸಿ ಮುಂದೆ ಬಹಳ ವರ್ಷ ನಡೆಸಿದರು. 1991ರಲ್ಲಿ ಅವರು ಡಿಎನ್‌ಎ ಪರೀಕ್ಷೆ ಮಾಡಿ ತೋರಿಸಿದ್ದು ಇದು. ಎರಡು ಮೂರು ಗಂಡುಗಳ ಕೂಟದಲ್ಲಿ ಸಂಬಂಧವಿಲ್ಲದವರೂ ಇರಬಹುದು. ಅವರು ಪರೀಕ್ಷಿಸಿದ ಕೂಟಗಳಲ್ಲಿ ನಾಲ್ಕು ಮತ್ತು ಅದಕ್ಕಿಂತ ಜಾಸ್ತಿ ಇದ್ದಲ್ಲಿ ಅವೆಲ್ಲ ರಕ್ತಸಂಬಂಧಿಗಳೇ. ಕಾರಣ ಸರಳ. ಇಬ್ಬರಿದ್ದರೆ ಇಬ್ಬರಿಗೂ ಮರಿ ಹುಟ್ಟಿಸುವ ಅವಕಾಶ ಸಿಗುತ್ತದೆ. ಕೂಟ ದೊಡ್ಡದಾದರೆ ಕೆಲವರಿಗೆ ಸಿಗುವುದೇ ಇಲ್ಲ. ಅಣ್ಣನ ಮಕ್ಕಳು ಬದುಕಿದರೆ ಸಾಕು ಎಂದು ಕಾವಲು ಕಾಯುವವನು ತಮ್ಮ ಮಾತ್ರ, ತನಗೇನೂ ಸಿಗದ ಕಡೆ ಪರಕೀಯ ಕಾಯುವುದಿಲ್ಲ.

ಇಷ್ಟೊಂದು ಗುದ್ದಾಟ ಯಾತಕ್ಕೆ? ಮರಿಗಳಿಗೋಸ್ಕರ. ಒಂದು ಗಂಡು ಕೂಟ ಒಂದು ಕುಟುಂಬದ ಮೇಲೆ ಹಿಡಿತ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಎರಡು ಮೂರು ವರ್ಷ. ಮರಿ ತನ್ನ ಕಾಲ ಮೇಲೆ ನಿಲ್ಲಲು ಬೇಕಾದದ್ದೂ ಹತ್ತಿರಹತ್ತಿರ ಎರಡು ವರ್ಷ. ಲೆಕ್ಕ ಎಷ್ಟು ಬಿಗಿ ಇದೆ ನೋಡಿ! ಹೊಸ ಗಂಡುಗಳು ಗೆದ್ದು ಬಂದರೆ ಹಳೆಯ ಗಂಡುಗಳ ಎಳೆ ಮರಿಗಳನ್ನು ಕೊಲ್ಲುತ್ತವೆ. ಕೇಳಲು ಸಂಕಟ ಆಗುತ್ತದೆ, ಆದರೆ ಇದು ಕಾಡಿನ ಸತ್ಯ. ಮರಿ ಕಳೆದುಕೊಂಡ ತಾಯಿ ಬೇಗ ಬೆದೆಗೆ ಬರುತ್ತಾಳೆ, ಗರ್ಭ ನಿಂತ ಸುಮಾರು ನೂರಾಹತ್ತು ದಿನಕ್ಕೆ ಹೊಸ ಗಂಡಿನ ಮರಿ ಹಾಕುತ್ತಾಳೆ. ಅಂದರೆ ಅಪ್ಪನಾದವನು ಎರಡು ವರ್ಷ ಗಟ್ಟಿಯಾಗಿ ನಿಲ್ಲಲೇಬೇಕು. ಒಬ್ಬನಿಂದ ಅದು ಸಾಧ್ಯವಾ? ಒಂಟೆತ್ತು ಕಟ್ಟಿ ಎರೆಹೊಲ ಹರಗಿದ್ದನ್ನು ನಮ್ಮಲ್ಲಿ ಯಾರಾದರೂ ನೋಡಿದ್ದೀರಾ? ಅಷ್ಟೇ ಕಥೆ.

ಈಗ ನಾನು ತುಂಬ ಇಷ್ಟಪಟ್ಟು ಹೇಳುವ ಒಂದು ಕಥೆ ಇದೆ. ನನ್ನ ವಿದ್ಯಾರ್ಥಿಗಳಿಗೆಲ್ಲ ಇದು ಬಾಯಿಪಾಠ. ದಕ್ಷಿಣ ಆಫ್ರಿಕಾದಲ್ಲಿ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಮಗ್ಗುಲಿಗೆ ಸಾಬಿ ಸ್ಯಾಂಡ್ ಎಂಬ ಕಾಡಿದೆ. ಸುಮಾರು 65,000 ಹೆಕ್ಟೇರ್. ನಡುವೆ ಬೇಲಿ ಇಲ್ಲ. 2006ರಲ್ಲಿ ಅಲ್ಲಿಗೆ ಆರು ಗಂಡು ಸಿಂಹಗಳು ಒಟ್ಟಿಗೆ ನುಗ್ಗಿದವು. ಆರು! ಎರಡು ಮೂರು ಗಂಡುಗಳ ಕೂಟ ನೋಡಿದ್ದ ಕಾಡಿಗೆ ಆರು ಒಟ್ಟಿಗೆ ಬಂದರೆ ಏನಾಗಬೇಡ? ಮಂದಿ ಆ ಕೂಟವನ್ನು ಮಪೋಗೊ ಎಂದು ಕರೆದರು. ಅವುಗಳಲ್ಲಿ ಐದು ಒಂದೇ ಕುಟುಂಬದಲ್ಲಿ ಹುಟ್ಟಿ ಬೆಳೆದವು. ಆರನೆಯವನು, ಮಖುಲು, ವಯಸ್ಸಿನಲ್ಲಿ ಹಿರಿಯ. ಅವನು ಹೊರಗಿನಿಂದ ಬಂದು ಈ ಹುಡುಗರನ್ನು ಸೇರಿಕೊಂಡ ಎಂದು ಅಲ್ಲಿನ ಸಫಾರಿ ಮಾರ್ಗದರ್ಶಕರು ಹೇಳುತ್ತಾರೆ; ಹಾಗಿದ್ದರೆ ಸೆರೆಂಗೆಟಿಯ ಲೆಕ್ಕಕ್ಕೆ ಇವನೊಬ್ಬ ಹೊರತು. ಮಿಕ್ಕವರು ರಾಸ್ತಾ, ಪ್ರೆಟಿ ಬಾಯ್, ಡ್ರೆಡ್‌ಲಾಕ್ಸ್, ಕಿಂಕಿ ಟೇಲ್, ಮಿಸ್ಟರ್ ಟಿ. ಕಿಂಕಿ ಟೇಲ್‌ನ ಬಾಲದ ತುದಿ ಸೊಟ್ಟಗಿತ್ತು. ಮಿಸ್ಟರ್ ಟಿ ಎಂಬವನಿಗೆ ನಡುತಲೆಯ ಮೇಲೆ ಮಾತ್ರ ಕೇಸರ ಎದ್ದು ನಿಂತಿತ್ತು. ಆರೂ ಜನರಲ್ಲಿ ಅವನೇ ಖದೀಮ.

ಈ ಆರೂ ಸೇರಿ ಕಾಡೆಮ್ಮೆ ಕೆಡವಿದವು, ಜಿರಾಫೆ ಕೆಡವಿದವು, ನೀರಾನೆಯನ್ನೂ ಬಿಡಲಿಲ್ಲ. ಅಲ್ಲಿದ್ದ ಹಳೆಯ ಗಂಡುಗಳನ್ನು ಓಡಿಸಿದವು, ಸಿಕ್ಕವನ್ನು ಕೊಂದವು. ಹೆಣ್ಣು, ಮರಿ ಎಲ್ಲ ಸೇರಿಸಿದರೆ ಅವು ಕೊಂದ ಸಿಂಹಗಳು ಹತ್ತಾರು. ಒಂದು ಕುಟುಂಬ ಅಲ್ಲ, ಹಲವು ಕುಟುಂಬಗಳ ಮೇಲೆ ಯಜಮಾನಿಕೆ ಮಾಡಿದವು. ಸರಿರಾತ್ರಿ ಆರೂ ಒಮ್ಮೆಲೇ ಗರ್ಜಿಸಿದರೆ, ಸಿಂಹದ ಗರ್ಜನೆ ಎಂಟು ಕಿಲೋಮೀಟರ್‌ವರೆಗೂ ಕೇಳುತ್ತದೆ ಅಲ್ವಾ, ಆ ಸೀಮೆಯಲ್ಲಿ ಬೇರೆ ಗಂಡು ಬಾಯಿ ಬಿಡುವ ಹಾಗೇ ಇರಲಿಲ್ಲ.

ಒಟ್ಟಿಗೆ ಇದ್ದಷ್ಟು ದಿನ ಅವುಗಳನ್ನು ಅಲುಗಾಡಿಸಿದವರಿಲ್ಲ. ಆಮೇಲೆ ಒಡಕು ಬಂತು. ಈ ಮಿಸ್ಟರ್ ಟಿ ತನ್ನ ಅಣ್ಣತಮ್ಮಂದಿರ ಮರಿಗಳನ್ನೇ ಕೊಂದವನು. ಅವನೂ ಕಿಂಕಿ ಟೇಲೂ ಉಳಿದ ನಾಲ್ವರನ್ನು ಬಿಟ್ಟು ಪೂರ್ವದ ಕಡೆ ಹೋಗಿ ಬೇರೆ ರಾಜ್ಯ ಕಟ್ಟಿದರು. ಇಬ್ಬರೇ! ಇಲ್ಲಿಂದ ಮುಂದೆ ಗಮನ ಇಟ್ಟು ಕೇಳಿ. 2010ರ ಜೂನ್ ತಿಂಗಳು. ಐದು ಹೊಸ ಗಂಡುಗಳು ಆ ಕಡೆಗೆ ಬಂದವು. ವಯಸ್ಸಿನಲ್ಲಿ ಎಳೆಯವು, ಆದರೆ ಐದು. ಆ ಐದರಲ್ಲಿ ಒಂದು ತನ್ನ ಜೊತೆಗಾರರಿಂದ ಬೇರೆಯಾಗಿ ಈ ಇಬ್ಬರ ಕೈಗೆ ಸಿಕ್ಕಿತು. ಇಬ್ಬರೂ ಸೇರಿ ಅದನ್ನು ಕೊಂದರು. ಒಂಟಿಯಾಗಿ ಸಿಕ್ಕಿದವನು ಸತ್ತ. ಸ್ವಲ್ಪ ಹೊತ್ತಿಗೆ ಉಳಿದ ನಾಲ್ಕು ಬಂದವು. ಈಗ ಅವುಗಳ ಕೈಗೆ ಸಿಕ್ಕವನು ಕಿಂಕಿ ಟೇಲ್. ಒಬ್ಬನ ಮೇಲೆ ನಾಲ್ವರು. ಅವನು ಕೊನೆಯವರೆಗೂ ಕಾದಾಡಿದ. ಬೆನ್ನುಮೂಳೆಗೆ ಪೆಟ್ಟು ಬಿದ್ದ ಮೇಲೆ ಸಿಂಹಕ್ಕೆ ಏನೂ ಉಳಿಯುವುದಿಲ್ಲ. ಮಿಸ್ಟರ್ ಟಿ ಅವನನ್ನು ಉಳಿಸಿಕೊಳ್ಳಲಾಗಲಿಲ್ಲ. ತಿರುಗಿ ಪಶ್ಚಿಮಕ್ಕೆ, ತಾನು ಬಿಟ್ಟು ಬಂದ ಅಣ್ಣತಮ್ಮಂದಿರ ಹತ್ತಿರಕ್ಕೇ ಓಡಿದ. ಆ ನಾಲ್ಕು ಹೊಸ ಗಂಡುಗಳಿಗೆ ಮಜಿಂಗಿಲಾನೆ ಎಂದು ಹೆಸರಾಯಿತು. ಮುಂದೆ ಅವು ನಾಲ್ಕೂ ಒಬ್ಬರನ್ನೊಬ್ಬರು ಬಿಡದೆ ಅದೇ ಕಾಡನ್ನು ವರ್ಷಗಟ್ಟಲೆ ಆಳಿದವು.

ಮಪೋಗೊಗಳ ಮುಂದಿನ ಕಥೆ ಕರಗುವ ಕಥೆ. 2012ರ ಮಾರ್ಚ್ ಹೊತ್ತಿಗೆ ಆರರಲ್ಲಿ ಉಳಿದವರು ಮೂವರು. ದಕ್ಷಿಣದ ಕಡೆಯಿಂದ ಸೆಲಾಟಿ ಎಂಬ ಇನ್ನೊಂದು ಕೂಟ ಬಂತು, ಅದರಲ್ಲಿ ನಾಲ್ವರು. ಅಷ್ಟು ಜನರನ್ನು ಹೆದರಿಸಿದ್ದ ಮಿಸ್ಟರ್ ಟಿ ಆ ನಾಲ್ವರ ಕೈಯಲ್ಲಿ ಸತ್ತ. ಮುದುಕ ಮಖುಲು ಮತ್ತು ಪ್ರೆಟಿ ಬಾಯ್ ಜೊತೆಯಾಗಿ ಕ್ರೂಗರ್ ಕಡೆ ಸರಿದು ಹೋದರು. ಆಮೇಲೆ ಅವರ ಸುಳಿವಿಲ್ಲ. ನೋಡಿ, ಅದೇ ಉಗುರು, ಅದೇ ಹಲ್ಲು, ಅದೇ ಸಿಂಹ. ಆರು ಇದ್ದಾಗ ಕಾಡೇ ನಡುಗಿತು, ಎರಡು ಆದಾಗ ರಾಜ್ಯ ಬಿಟ್ಟು ನಡೆದವು. ಕಡಿಮೆಯಾದದ್ದು ಜೊತೆಗಾರರು ಮಾತ್ರ.

ಗಂಡು ಸಿಂಹಕ್ಕೆ ಇದು ಗೊತ್ತಿದೆಯಾ ಎಂದು ಮಕ್ಕಳು ಕೇಳುತ್ತಾರೆ. ಸೆರೆಂಗೆಟಿಯಲ್ಲಿ ಅದನ್ನೂ ಪರೀಕ್ಷೆ ಮಾಡಿದ್ದಾರೆ. ಧ್ವನಿವರ್ಧಕದಲ್ಲಿ ಪರ ಗಂಡಿನ ಗರ್ಜನೆ ಹಾಕಿದರು. ಅಲ್ಲಿನ ಯಜಮಾನ ಗಂಡುಗಳು ಎದ್ದು ಆ ಸದ್ದಿನ ಕಡೆಗೆ ಒಟ್ಟಿಗೆ ನಡೆದವು. ಸಂಬಂಧಿ ಅಲ್ಲದ ಜೊತೆಗಾರನೂ ಹಿಂದೆ ಬೀಳಲಿಲ್ಲ. ಇದು ನನಗೆ ಬಹಳ ದೊಡ್ಡ ಸಂಗತಿ. ಜೊತೆಗಾರ ಬದುಕಿದರೆ ತಾನು ಬದುಕುತ್ತೇನೆ, ಅವನು ಸತ್ತರೆ ನಾಳೆ ತನ್ನ ಸರದಿ. ಹೆಣ್ಣುಗಳಂತೂ ಗರ್ಜಿಸಿದವರು ಎಷ್ಟು ಜನ ಎಂದು ಅಂದಾಜು ಮಾಡಿ, ತಮ್ಮ ಕಡೆ ಜಾಸ್ತಿ ಇದ್ದರೆ ಮಾತ್ರ ಮುಂದೆ ಹೋಗುತ್ತವೆ.

ಆಫ್ರಿಕಾ ಬಿಡಿ ಸರ್, ನಮ್ಮ ದೇಶದ ಮಾತು ಹೇಳಿ ಅನ್ನುವವರಿಗೆ ಗುಜರಾತಿನ ಗಿರ್. 2025ರ ಎಣಿಕೆಯಲ್ಲಿ ಅಲ್ಲಿ, ಸುತ್ತಲಿನ ಸೌರಾಷ್ಟ್ರದಲ್ಲಿ ಸೇರಿ 891 ಸಿಂಹ. ಏಷ್ಯಾದ ಸಿಂಹ ಕಾಡಿನಲ್ಲಿ ಉಳಿದಿರುವುದು ಅಲ್ಲಿ ಮಾತ್ರ. ಗಿರ್‌ನಲ್ಲಿ ಜಯ್, ವೀರು ಎಂಬ ಜೋಡಿ ಇತ್ತು. ಹಳೆಯ ಹಿಂದಿ ಸಿನಿಮಾದ ಗೆಳೆಯರ ಹೆಸರು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸಫಾರಿಗೆ ಹೋದವರು ಹೆಚ್ಚಾಗಿ ನೋಡಿದ್ದು ಇಬ್ಬರನ್ನೂ ಒಟ್ಟಿಗೆ. ದೊಡ್ಡ ಸೀಮೆಯನ್ನು ಇಬ್ಬರೇ ಆಳುತ್ತಿದ್ದರು. 2025ರಲ್ಲಿ ಇಬ್ಬರೂ ಬೇರೆ ಬೇರೆ ಕಡೆ ಇದ್ದಾಗ ಎದುರಾಳಿ ಗಂಡುಗಳು ಮೇಲೆ ಬಿದ್ದವು. ಇಬ್ಬರಿಗೂ ಗಾಯ. ಪಶುವೈದ್ಯರು ಪಟ್ಟ ಪ್ರಯತ್ನ ಕಡಿಮೆಯೇನಲ್ಲ. ಜೂನ್ 11ರಂದು ವೀರು ಸತ್ತ. ಜುಲೈ 29ರಂದು ಜಯ್ ಕೂಡ ಹೋದ. ನಡುವೆ ಎರಡು ತಿಂಗಳೂ ಇಲ್ಲ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಜೊತೆ ಬಿಟ್ಟದ್ದೇ ಅವರಿಗೆ ಮುಳುವಾಯಿತು.

ನಿಲಯದವರು ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಹಾಗಾಗಿ ಗಿರ್‌ನ ವಿಶೇಷ ಒಂದೆರಡು ಮಾತಿನಲ್ಲಿ. ಅಲ್ಲಿನ ಮುಖ್ಯ ಬೇಟೆ ಚುಕ್ಕೆ ಜಿಂಕೆ. ಸಣ್ಣ ಬೇಟೆ, ಹತ್ತು ಬಾಯಿಗೆ ಸಾಲುವುದಿಲ್ಲ. ಅದಕ್ಕೇ ಗಂಡುಗಳು ಬೇರೆ, ಹೆಣ್ಣುಗಳು ಬೇರೆ ಇರುತ್ತವೆ, ಬೆದೆಗೆ ಬಂದಾಗ ಅಥವಾ ದೊಡ್ಡ ಬೇಟೆ ಬಿದ್ದಾಗ ಸೇರುತ್ತವೆ. ಜೋಡಿಯಲ್ಲೂ ಒಬ್ಬ ಹಿರಿಯ, ಒಬ್ಬ ಕಿರಿಯ. ಹಿರಿಯನಿಗೆ ಊಟವೂ ಜಾಸ್ತಿ, ಹೆಣ್ಣಿನ ಸಂಗವೂ ಜಾಸ್ತಿ. ಆದರೂ ಕಿರಿಯ ಬಿಟ್ಟು ಹೋಗುವುದಿಲ್ಲ, ಯಾಕೆಂದರೆ ಒಂಟಿಯಾದರೆ ಇಷ್ಟೂ ಸಿಗದು. ಹೆಣ್ಣುಗಳು ಬುದ್ಧಿವಂತೆಯರು. ಅಕ್ಕಪಕ್ಕದ ಎದುರಾಳಿ ಕೂಟಗಳೆಲ್ಲದರ ಜೊತೆಗೂ ಸೇರುತ್ತವೆ. ಮರಿ ಯಾರದ್ದೆಂದು ಯಾರಿಗೂ ಗೊತ್ತಾಗದಿದ್ದರೆ ಯಾರೂ ಕೊಲ್ಲುವುದಿಲ್ಲ ಅಲ್ವಾ?

ಉಗಾಂಡದ ಜೇಕಬ್, ಟಿಬು ಎಂಬ ಅಣ್ಣತಮ್ಮಂದಿರ ಮಾತು ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತೇನೆ. ಜೇಕಬ್‌ಗೆ ಇರುವುದು ಮೂರೇ ಕಾಲು, ಆದರೂ 2024ರ ಫೆಬ್ರುವರಿಯಲ್ಲಿ ಒಂದು ರಾತ್ರಿ ಇಬ್ಬರೂ ಸೇರಿ ಮೊಸಳೆ, ನೀರಾನೆ ತುಂಬಿದ ಕಝಿಂಗಾ ಕಾಲುವೆಯಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ಈಜಿ ಆಚೆ ದಡ ಸೇರಿದರು.

ಬೆಳಗಾವಿ ಸೀಮೆಯವರು ಭೂತರಾಮನಹಟ್ಟಿಯ ಮೃಗಾಲಯಕ್ಕೆ ಹೋಗಿ, ಬನ್ನೇರುಘಟ್ಟದಿಂದ ತಂದ ಸಿಂಹಗಳಿವೆ, ಮಕ್ಕಳಿಗೆ ತೋರಿಸಿ. ಕಾಡಿನ ಸಿಂಹ ನೋಡಬೇಕೆಂದರೆ ಗಿರ್‌ಗೇ ಹೋಗಬೇಕು. ಮಳೆಗಾಲದಲ್ಲಿ ಅಲ್ಲಿನ ಸಾಸಣ್ ಊರಿನ ಸಫಾರಿ ಬಂದ್ ಇರುತ್ತದೆ, ಅಕ್ಟೋಬರ್ 16ಕ್ಕೆ ತೆರೆಯುತ್ತದೆ. ಪರ್ಮಿಟ್ ಆನ್‌ಲೈನ್‌ನಲ್ಲಿ ಮುಂಚೆಯೇ ತೆಗೆಸಿ, ದೀಪಾವಳಿ ರಜೆಗೆ ಬೇಗ ಮುಗಿದುಹೋಗುತ್ತದೆ. ಗಂಡು ಸಿಂಹ ಕಂಡರೆ ಫೋಟೊ ಆಮೇಲೆ ತೆಗೆಯಿರಿ. ಮೊದಲು ಜೀಪಿನ ಗೈಡ್‌ನನ್ನು ಕೇಳಿ, ಇವನ ಜೋಡಿ ಯಾವನು, ಎಲ್ಲಿದ್ದಾನೆ ಅಂತ. ಒಳ್ಳೆಯ ಗೈಡ್ ಆದರೆ ಹೆಸರು ಸಮೇತ ಹೇಳುತ್ತಾನೆ. ನಮಸ್ಕಾರ.